ಸಾಲು ಹೊರಳುವ ಹತ್ತು ಸೆಕೆಂಡು: ಬ್ಯಾನರ್‌ಲಾರ್ಡ್‌ನಲ್ಲಿ ಕಾಲಾಳು ಪಡೆ ಆಡಿಸುವ ಬಗೆ

ಬ್ಯಾನರ್‌ಲಾರ್ಡ್ ಅನ್ನುವ ಕಂಪ್ಯೂಟರ್ ಯುದ್ಧದಾಟದಲ್ಲಿ ಕಾಲಾಳು ಪಡೆಯನ್ನು ನಾನು ಮೊದಲ ಎರಡು ತಿಂಗಳು ಆಡಿಸಿದ್ದು ಒಂದೇ ಥರ. ಎಲ್ಲರನ್ನೂ ಆರಿಸುವುದು, ‘ಚಾರ್ಜ್’ ಒತ್ತುವುದು, ಕತ್ತಿ ಹಿರಿದು ನಾನೂ ಅವರ ಜೊತೆ ನುಗ್ಗುವುದು. ದಾರಿಗಳ್ಳರ ಗುಂಪು ಎದುರಿದ್ದಾಗ ಇದು ನಡೆಯುತ್ತದೆ. ಹಾಗಾಗಿ ನನಗೆ ಯುದ್ಧ ಬರುತ್ತದೆ ಅಂತಲೇ ಅಂದುಕೊಂಡಿದ್ದೆ. ಒಂದು ರಾತ್ರಿ ಬಯಲಿನಲ್ಲಿ ಖುಜೈಟ್ ಪಡೆ ಸಿಕ್ಕಿತು. ಅವರಲ್ಲಿ ಬಹುಪಾಲು ಕುದುರೆ ಮೇಲಿನ ಬಿಲ್ಲುಗಾರರು. ನನ್ನ 140 ಜನ ಅವರ ಹಿಂದೆ ಓಡಿದರು. ಅವರು ಸುತ್ತು ಹೊಡೆಯುತ್ತಾ ಬಾಣ ಬಿಟ್ಟರು. ಐದೇ ನಿಮಿಷ. ಕೊನೆಗೆ ಉಳಿದದ್ದು ನಾನು ಮತ್ತು ನನ್ನ ಕುದುರೆ. ಆಮೇಲೆ ಕುದುರೆಯೂ ಇಲ್ಲ.

ಅದೇ ಯುದ್ಧವನ್ನು ಮತ್ತೆರಡು ಸಲ ಆಡಿದೆ. ಎರಡನೇ ಸಲ ಗುಡ್ಡ ಹತ್ತಿಸಿದೆ. ಸ್ವಲ್ಪ ಹೊತ್ತು ಜಾಸ್ತಿ ಬದುಕಿದರು, ಅಷ್ಟೇ. ಮೂರನೇ ಸಲ ಗುರಾಣಿ ಗೋಡೆ ಕಟ್ಟಿಸಿ ಸುಮ್ನೆ ನಿಲ್ಲಿಸಿದೆ. ಬಾಣಗಳು ಗುರಾಣಿಗೆ ಚುಚ್ಚಿಕೊಂಡು ನಿಂತವು, ಜನ ಬೀಳಲಿಲ್ಲ. ತಡೆಯಲಾಗದೆ ಹೋದದ್ದು ನನಗೆ. ಈಗ ಹಿಡಿದುಬಿಡೋಣ ಅಂತ ಗೋಡೆ ಬಿಚ್ಚಿಸಿ ಸಾಮಾನ್ಯ ಸಾಲಿಗೆ ಬದಲಾಯಿಸಿದೆ. ಜನ ಗುರಾಣಿ ಇಳಿಸಿ ತಮ್ಮ ತಮ್ಮ ಜಾಗಕ್ಕೆ ಸರಿಯುತ್ತಿದ್ದರು, ಕೆಲವರ ಬೆನ್ನು ಶತ್ರುವಿನ ಕಡೆಗಿತ್ತು. ಅಷ್ಟರಲ್ಲಿ ಎಡಗಡೆಯಿಂದ ಈಟಿ ಸವಾರರು ಬಂದು ನುಗ್ಗಿದರು. ಹತ್ತು ಸೆಕೆಂಡೂ ಆಗಿರಲಿಲ್ಲ.

ಅಲ್ಲಿಂದೀಚೆಗೆ ಸೋತಾಗಲೆಲ್ಲ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆದಿಡುತ್ತಾ ಬಂದೆ: ಯಾವ ಕ್ಷಣದಲ್ಲಿ ಕೈ ಮೀರಿತು, ಆಗ ನನ್ನ ಪಡೆ ಏನು ಮಾಡುತ್ತಿತ್ತು. ಮೂವತ್ತು ಮೂವತ್ತೈದು ಸೋಲು ಬರೆದ ಮೇಲೆ ಪುಟ ತಿರುವಿ ನೋಡಿದರೆ ಒಂದೇ ಮಾತು ಮತ್ತೆ ಮತ್ತೆ. ‘ಬದಲಾಯಿಸುತ್ತಿದ್ದೆ.’ ‘ಹೊರಳುತ್ತಿದ್ದರು.’ ‘ಇಳಿಜಾರು ಇಳಿಯುತ್ತಿದ್ದರು.’ ಗಟ್ಟಿಯಾಗಿ ನಿಂತ ಸಾಲು ಸುಲಭಕ್ಕೆ ಮುರಿಯುವುದಿಲ್ಲ. ಒಂದು ವ್ಯೂಹದಿಂದ ಇನ್ನೊಂದಕ್ಕೆ ಹೊರಳುವ ಸಾಲು ಮುರಿಯುತ್ತದೆ. ಮುಂದೆ ಹೇಳುವುದೆಲ್ಲ ಆ ಹತ್ತು ಸೆಕೆಂಡನ್ನು ಹೇಗೆ ದಾಟುವುದು ಅನ್ನುವುದರ ಬಗ್ಗೆ.

ಆಟ ಗೊತ್ತಿಲ್ಲದವರಿಗೆ, ಪೂರ್ತಿ ಹೆಸರು ಮೌಂಟ್ ಅಂಡ್ ಬ್ಲೇಡ್ 2: ಬ್ಯಾನರ್‌ಲಾರ್ಡ್. 2020ರ ಮಾರ್ಚ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಕೆಲಸ ಪೂರ್ತಿಯಾಗುವ ಮುಂಚೆಯೇ ಆಡಲು ಸಿಗುವ ರೂಪದಲ್ಲಿ ಬಂತು, 2022ರ ಅಕ್ಟೋಬರ್‌ನಲ್ಲಿ ಪೂರ್ತಿ ಬಿಡುಗಡೆಯಾಯಿತು. ಕಥೆ ನಡೆಯುವ ಕ್ಯಾಲ್ರೇಡಿಯಾ ಕಲ್ಪನೆಯ ನಾಡು, ಆಟ ಶುರುವಾಗುವುದು 1084ನೇ ಇಸವಿಯಲ್ಲಿ. ಖುಜೈಟ್, ವ್ಲಾಂಡಿಯಾ, ಎಂಪೈರ್, ಸ್ಟರ್ಜಿಯಾ, ಬ್ಯಾಟೇನಿಯಾ ಎಲ್ಲ ಅಲ್ಲಿನ ರಾಜ್ಯಗಳು. ಆಯುಧಗಳು ಮಾತ್ರ ಕಲ್ಪನೆಯಲ್ಲ. ಅವುಗಳ ಹಿಂದೆ ನಿಜವಾದ ಯುದ್ಧಗಳಿವೆ, ಮತ್ತು ಆ ಯುದ್ಧಗಳಲ್ಲಿ ಸೋತವರು ನನ್ನ ಹಾಗೇ ಸೋತಿದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಮೊದಲು ಅಭ್ಯಾಸಕ್ಕೊಂದು ಮೈದಾನ

ಕಥೆಯ ಯುದ್ಧದಲ್ಲಿ ಕಲಿಯಲು ಹೋಗಬೇಡಿ. ಅಲ್ಲಿ ಸತ್ತ ಒಬ್ಬೊಬ್ಬ ಸೈನಿಕನನ್ನೂ ಮತ್ತೆ ಹಳ್ಳಿಯಿಂದ ತಂದು ಬೆಳೆಸಬೇಕು, ಅದು ಗಂಟೆಗಟ್ಟಲೆ ಕೆಲಸ. ಮುಖ್ಯ ಮೆನುವಿನಲ್ಲೇ ‘ಕಸ್ಟಮ್ ಬ್ಯಾಟಲ್’ ಇದೆ. ಎರಡೂ ಕಡೆ ಯಾವ ಪಡೆ, ಎಷ್ಟು ಜನ, ಯಾವ ಮೈದಾನ ಅಂತ ನೀವೇ ಆರಿಸಬಹುದು. ನಾನು ಇಟ್ಟುಕೊಂಡದ್ದು ನನ್ನ ಕಡೆ 120 ಕಾಲಾಳು, 60 ಬಿಲ್ಲುಗಾರರು. ಎದುರು ಅಷ್ಟೇ ಸಂಖ್ಯೆ, ಆದರೆ ಅರ್ಧ ಕುದುರೆ. ಒಂದೇ ಮೈದಾನ, ಒಂದೇ ಸಂಖ್ಯೆ. ಪ್ರತಿ ಸಲ ಒಂದೇ ಒಂದು ವಿಷಯ ಬದಲಿಸಿ ನೋಡುವುದು. ಬೇಜಾರಿನ ಕೆಲಸ ನಿಜ. ಆದರೆ ಯಾವುದರಿಂದ ಗೆದ್ದೆ ಅಂತ ಗೊತ್ತಾಗುವುದು ಹೀಗೆ ಮಾತ್ರ.

ಆಜ್ಞೆಗಳ ಬಗ್ಗೆ ಎರಡು ಮಾತು. ಅಂಕಿಯ ಕೀಗಳಿಂದ ತುಕಡಿ ಆರಿಸುವುದು. ನಾನು ಆಡುವ ಆವೃತ್ತಿಯಲ್ಲಿ ಎಫ್1 ಒತ್ತಿದರೆ ಚಲನೆಯ ಆಜ್ಞೆಗಳು, ಎಫ್2 ಮುಖ ಯಾವ ಕಡೆ ಅನ್ನುವುದು, ಎಫ್3 ವ್ಯೂಹಗಳು. ತುಕಡಿಗೆ ಜಾಗ ತೋರಿಸುವಾಗ ಮೌಸ್ ಒತ್ತಿ ಹಿಡಿದು ಪಕ್ಕಕ್ಕೆ ಎಳೆದರೆ ಸಾಲಿನ ಅಗಲವನ್ನೂ ನೀವೇ ಗೊತ್ತು ಮಾಡಬಹುದು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಆಟ ಕೊಟ್ಟ ಅಗಲದಲ್ಲೇ ನಿಲ್ಲಿಸುತ್ತಿದ್ದೆ.

ಇನ್ನೊಂದು ಮುಖ್ಯ. ‘ಚಾರ್ಜ್’ ಬೇರೆ, ‘ಅಡ್ವಾನ್ಸ್’ ಬೇರೆ. ಚಾರ್ಜ್ ಅಂದರೆ ಸಾಲು ಮುಗಿಯಿತು, ಪ್ರತಿಯೊಬ್ಬನೂ ತನಗೆ ಕಂಡವನ ಮೇಲೆ ಬೀಳುತ್ತಾನೆ. ಅಡ್ವಾನ್ಸ್ ಅಂದರೆ ಸಾಲು ಸಾಲಾಗಿಯೇ ಉಳಿದು ಶತ್ರುವಿನ ಕಡೆ ನಡೆಯುತ್ತದೆ. ಮೊದಲ ತಿಂಗಳು ಚಾರ್ಜ್ ಕೀ ಇದೆ ಅನ್ನುವುದನ್ನೇ ಮರೆತುಬಿಡಿ.

ಆಯುಧ ಅಂದರೆ ದೂರ

ಆಯುಧಗಳ ಪಟ್ಟಿಯಲ್ಲಿ ಎಲ್ಲರ ಕಣ್ಣು ಹೋಗುವುದು ಹಾನಿಯ ಅಂಕಿಯ ಮೇಲೆ. ನಾನು ಮೊದಲು ನೋಡುವುದು ಉದ್ದ. ಪ್ರತಿ ಆಯುಧಕ್ಕೂ ಅದರದ್ದೇ ಒಂದು ದೂರ ಇದೆ. ಅಲ್ಲಿ ಅದು ರಾಜ, ಅದಕ್ಕಿಂತ ಹತ್ತಿರ ಬಂದರೆ ಬರೀ ಕಟ್ಟಿಗೆ.

ಈಟಿಯನ್ನೇ ತೆಗೆದುಕೊಳ್ಳಿ. ಎದುರಿನವನು ಎರಡು ಹೆಜ್ಜೆ ಆಚೆ ಇದ್ದಾಗ ತಿವಿತಕ್ಕೆ ಬಲ ಬರುತ್ತದೆ. ಈ ಆಟದಲ್ಲಿ ಪೆಟ್ಟಿನ ಬಲಕ್ಕೆ ವೇಗವೂ ಸೇರುತ್ತದೆ. ನಿಮ್ಮ ಕೈಯ ವೇಗ, ನಿಮ್ಮ ಓಟದ ವೇಗ, ಎದುರಿನಿಂದ ಬರುವವನ ವೇಗ, ಎಲ್ಲ. ಆದ್ದರಿಂದಲೇ ಕುದುರೆ ನಾಗಾಲೋಟದಲ್ಲಿ ಬಂದಾಗ ಸಾದಾ ಈಟಿಯೂ ಭಯಂಕರ ಪೆಟ್ಟು ಕೊಡುತ್ತದೆ, ಕುದುರೆ ಮುಂಗಾಲೆತ್ತಿ ನಿಂತುಬಿಡುತ್ತದೆ. ಅದೇ ಈಟಿ ಹಿಡಿದವನ ಎದೆಗೆ ಎದೆ ಒತ್ತಿಕೊಂಡು ಕತ್ತಿಯವನು ನಿಂತರೆ? ತಿವಿಯಲು ಜಾಗವೇ ಇಲ್ಲ. ಕೈ ಎಳೆದುಕೊಳ್ಳುವಷ್ಟರಲ್ಲಿ ಅವನು ಎರಡು ಸಲ ಕೊಚ್ಚಿರುತ್ತಾನೆ. ಹಾಗಾಗಿ ಈಟಿ ಪಡೆ ಕುದುರೆಗೆ ಗೋಡೆ, ಗಟ್ಟಿ ಕಾಲಾಳುಗಳ ಎದುರು ಹೊತ್ತು ತಳ್ಳುವ ಪಡೆ. ಅದರಿಂದ ಗೆಲುವನ್ನೇ ಕೇಳಬೇಡಿ, ಸಮಯ ಕೇಳಿ.

ಕೆಲವು ಉದ್ದ ಈಟಿಗಳನ್ನು ನಿಮ್ಮ ಪಾತ್ರ ಎಕ್ಸ್ ಕೀ ಒತ್ತಿ ಊರಿ ಹಿಡಿಯಬಹುದು. ಅದು ಆಟದವರು ಸುಮ್ನೆ ಸೇರಿಸಿದ್ದಲ್ಲ. 1192ರಲ್ಲಿ ಯಾಫಾ ಹತ್ತಿರ ಇಂಗ್ಲೆಂಡಿನ ಒಂದನೇ ರಿಚರ್ಡ್ ತನ್ನ ಕೆಲವೇ ಜನರನ್ನು ಹೀಗೇ ನಿಲ್ಲಿಸಿದ್ದ. ಮುಂದೆ ಮಂಡಿಯೂರಿದ ಈಟಿಯವರು, ಈಟಿಯ ಬುಡ ನೆಲಕ್ಕೆ, ಮೊನೆ ಕುದುರೆಯ ಎದೆಗೆ. ಅವರ ನಡುವೆ ಕ್ರಾಸ್‌ಬೋದವರು, ಅಂದರೆ ಅಡ್ಡಬಿಲ್ಲಿನವರು, ಜೋಡಿ ಜೋಡಿಯಾಗಿ: ಒಬ್ಬ ಬಿಡುವುದು, ಇನ್ನೊಬ್ಬ ಹೂಡಿಕೊಡುವುದು. ಎದುರಾಳಿ ಸುಲ್ತಾನ ಸಲಾದೀನನ ಸವಾರರು ಬಂದು ಬಂದು ತಿರುಗಿ ಹೋದರು. ಆಟದಲ್ಲಿ ನಾನು ಇಂದಿಗೂ ಅತಿ ಹೆಚ್ಚು ಬಳಸುವ ಜೋಡಿ ಇದೇ.

ಪೈಕ್ ಅನ್ನುವುದು ಈಟಿಯ ಅಣ್ಣ. ನಿಜ ಜೀವನದಲ್ಲಿ ಐದು ಮೀಟರ್ ದಾಟುತ್ತಿದ್ದ ಕೋಲು ಅದು. ಎರಡೂ ಕೈ ಬೇಕು, ಗುರಾಣಿಗೆ ಜಾಗವಿಲ್ಲ. ಇಲ್ಲಿಯೇ ಹೊಸಬರು ಮೋಸ ಹೋಗುವುದು. ವ್ಲಾಂಡಿಯಾದ ಪೈಕ್‌ಮನ್‌ಗಳನ್ನು ಮುಂದಿನ ಸಾಲಿಗೆ ನಿಲ್ಲಿಸುತ್ತಾರೆ, ಎದುರಿನ ಬಿಲ್ಲುಗಾರರು ಅರ್ಧಕ್ಕರ್ಧ ಮುಗಿಸುತ್ತಾರೆ. ಪೈಕ್‌ನವರ ಜಾಗ ಗುರಾಣಿಯವರ ಬೆನ್ನ ಹಿಂದೆ.

ಹ್ಯಾಲ್ಬರ್ಡ್, ವೂಲ್ಜ್, ಮೆನಾವ್ಲಿಯಾನ್ ಮುಂತಾದವನ್ನು ನಾನು ‘ಉದ್ದ ಹಿಡಿಯ ಕೊಡಲಿಗಳು’ ಅಂತ ಒಟ್ಟಿಗೆ ಕರೆಯುತ್ತೇನೆ. ಶಾಸ್ತ್ರಕ್ಕೆ ಇದು ಸರಿಯಲ್ಲ, ಕೆಲಸಕ್ಕೆ ಸಾಕು. ಇವು ಬೀಸಿ ಹೊಡೆಯುವವು. ಒಂದು ಪೆಟ್ಟಿಗೆ ಒಬ್ಬ, ಒಮ್ಮೊಮ್ಮೆ ಕುದುರೆ ಸಮೇತ. ಎಂಪೈರ್‌ನ ಮೆನಾವ್ಲಿಯಾಟನ್‌ಗಳನ್ನು, ಅಂದರೆ ಮೆನಾವ್ಲಿಯಾನ್ ಹಿಡಿದ ಸೈನಿಕರನ್ನು, ಸರಿಯಾದ ಕ್ಷಣದಲ್ಲಿ ಬಿಟ್ಟರೆ ನೋಡಲು ಹಬ್ಬ. ಈ ಹೆಸರು ಬಂದದ್ದು ಬೈಜಾಂಟಿಯಂನಿಂದ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದಿಂದ. ಹತ್ತನೇ ಶತಮಾನದಲ್ಲಿ ಅಲ್ಲಿನ ಚಕ್ರವರ್ತಿ ನಿಕೆಫೊರೊಸ್ ಫೋಕಾಸ್‌ನ ಕಾಲಾಳು ಪಡೆಯಲ್ಲಿ ಸಾವಿರ ಜನಕ್ಕೆ 400 ಈಟಿಯವರು, 300 ಬಿಲ್ಲುಗಾರರು, 200 ಎಸೆಯುವ ಈಟಿ ಮತ್ತು ಕವಣೆಯವರು, 100 ಮೆನಾವ್ಲಿಯಾನ್‌ನವರು. ಆ ಆಯುಧದ ಹಿಡಿಯನ್ನು ದಿಮ್ಮಿಯಿಂದ ಸೀಳಿದ ಮರದಲ್ಲಿ ಮಾಡಬಾರದು, ಇಡೀ ಎಳೆಮರದ ಕಾಂಡವೇ ಬೇಕು ಅಂತ ನಿಯಮ. ಕವಚ ತೊಟ್ಟ ಕುದುರೆಯ ಪೆಟ್ಟಿಗೆ ಸೀಳಿದ ಮರ ಮುರಿಯುತ್ತಿತ್ತು. ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ, ಹತ್ತರಲ್ಲಿ ಒಬ್ಬ ಮಾತ್ರ. ನಾನು ಒಂದು ಸಲ ಆಸೆಗೆ ಬಿದ್ದು 120ಕ್ಕೆ 80 ಮೆನಾವ್ಲಿಯಾಟನ್ ಹಾಕಿ ಬಾಣಕ್ಕೆ ಕೊಟ್ಟು ಬಂದೆ. ಈಗ 120ಕ್ಕೆ 25 ದಾಟುವುದಿಲ್ಲ.

ಕೊಡಲಿಯ ಗುಟ್ಟು ಗುರಾಣಿ. ಆಟದಲ್ಲಿ ಕೊಡಲಿಗೆ ಗುರಾಣಿ ಒಡೆಯುವ ಶಕ್ತಿ ಜಾಸ್ತಿ, ಎಸೆಯುವ ಕೊಡಲಿಗೂ ಹಾಗೇ. ಸ್ಟರ್ಜಿಯಾದವರ ಗೋಡೆ ಎದುರಿದ್ದಾಗ ಕತ್ತಿಯವರು ಹತ್ತು ನಿಮಿಷ ಟಕಟಕ ಅನ್ನಿಸುತ್ತಾ ನಿಲ್ಲುತ್ತಾರೆ. ಕೊಡಲಿಯವರು ಗುರಾಣಿಯನ್ನೇ ಕಿತ್ತುಹಾಕುತ್ತಾರೆ. ಗದೆ ಬೇರೆಯೇ ಕೆಲಸಕ್ಕೆ. ಒಳ್ಳೆ ಕವಚದ ಮೇಲೆ ಕೊಚ್ಚುವ ಪೆಟ್ಟಿನ ಹೆಚ್ಚಿನ ಪಾಲು ಕವಚಕ್ಕೇ ಹೋಗುತ್ತದೆ, ಜಜ್ಜುವ ಪೆಟ್ಟು ಒಳಗಿಳಿಯುತ್ತದೆ. ಗದೆಯ ಪೆಟ್ಟು ತಿಂದವನು ಸಾಯುವ ಬದಲು ಮೂರ್ಛೆ ಹೋಗುವುದರಿಂದ ಸೆರೆಯಾಳುಗಳೂ ಸಿಗುತ್ತಾರೆ.

ಕತ್ತಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಲ್ಲ ಕಡೆಯೂ ನಡೆಯುತ್ತದೆ, ಎಲ್ಲಿಯೂ ಮೊದಲನೆಯದಲ್ಲ.

ನಿಮ್ಮ ಪಾತ್ರವೇ ಮುಂದಿನ ಸಾಲಿನಲ್ಲಿ ನಿಂತು ಹೊಡೆದಾಡುವಾಗ ಕಾಲಿಗೆ ಹೊಡೆಯಿರಿ. ಗುರಾಣಿ ಎತ್ತಿ ಹಿಡಿದವನ ಮೊಣಕಾಲ ಕೆಳಗೆ ಹೆಚ್ಚಾಗಿ ಜಾಗ ಬಿಟ್ಟಿರುತ್ತದೆ. 1361ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದ ಹೊರಗೆ ರೈತರ ಪಡೆಯೊಂದನ್ನು ಡೆನ್ಮಾರ್ಕಿನ ದೊರೆಯ ಸೈನ್ಯ ಕೊಚ್ಚಿಹಾಕಿತು. ಅವರನ್ನು ಹೂತ ಗುಂಡಿಗಳನ್ನು ಇಪ್ಪತ್ತನೇ ಶತಮಾನದಲ್ಲಿ ಅಗೆದು ನೋಡಿದಾಗ ಸಿಕ್ಕ ಮೂಳೆಗಳಲ್ಲಿ ಕೊಚ್ಚಿದ ಗಾಯಗಳು ಅತಿ ಹೆಚ್ಚಾಗಿ ಇದ್ದದ್ದು ಮೊಣಕಾಲಿನ ಕೆಳಗೇ.

ವ್ಯೂಹಗಳು: ಯಾವ ಪ್ರಶ್ನೆಗೆ ಯಾವ ಉತ್ತರ

ಎಫ್3 ಪಟ್ಟಿಯಲ್ಲಿ ಎಂಟು ವ್ಯೂಹಗಳಿವೆ. ನಿಜಕ್ಕೂ ಬೇಕಾಗುವುದು ನಾಲ್ಕು. ಗುರಾಣಿ ಗೋಡೆ, ಸಾಲು, ಬಿಡಿ ಸಾಲು, ಚೌಕ.

ಗುರಾಣಿ ಗೋಡೆ ಬಾಣಕ್ಕೆ ಉತ್ತರ. ಜನ ಭುಜಕ್ಕೆ ಭುಜ ಕೊಟ್ಟು ಗುರಾಣಿ ಎತ್ತಿ ನಿಲ್ಲುತ್ತಾರೆ, ನಡೆದರೆ ಆಮೆಯ ಹಾಗೆ. ಎರಡು ದೋಷ. ಒಂದು, ಪಕ್ಕ ಮತ್ತು ಬೆನ್ನು ಬಯಲು. ಎರಡು, ಗೋಡೆಯಲ್ಲಿರುವವರು ಹೊಡೆಯುವುದು ಕಡಿಮೆ. ಎದುರಿನ ಕಾಲಾಳುಗಳು ಬಂದು ತಾಗಿದ ಮೇಲೂ ಗೋಡೆಯಲ್ಲೇ ಬಿಟ್ಟರೆ ನಿಮ್ಮವರು ಪೆಟ್ಟು ತಡೆಯುತ್ತಾ ನಿಲ್ಲುತ್ತಾರೆ, ಅವರು ಪೆಟ್ಟು ಕೊಡುತ್ತಾ ನಿಲ್ಲುತ್ತಾರೆ. ಹಾಗಾದರೆ ಬಿಚ್ಚಬೇಕು. ಯಾವಾಗ? ಎಲ್ಲ ಕಷ್ಟ ಇರುವುದು ಅಲ್ಲೇ.

ಬೇಗ ಬಿಚ್ಚಿದರೆ ನನ್ನ ಖುಜೈಟ್ ಕಥೆ. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಆದದ್ದೂ ಅದೇ. ದೊರೆ ಹೆರಾಲ್ಡ್‌ನ ಇಂಗ್ಲಿಷ್ ಪಡೆ ದಿಬ್ಬದ ಮೇಲೆ ಗೋಡೆ ಕಟ್ಟಿ ನಿಂತಿತ್ತು. ಫ್ರಾನ್ಸ್ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರ ಬಾಣವೂ ಕುದುರೆಯೂ ಅದನ್ನು ಅಲ್ಲಾಡಿಸಲಿಲ್ಲ. ಎದುರಿನ ಒಂದು ಭಾಗ ಬೆನ್ನು ತೋರಿಸಿ ಓಡಿದಾಗ ಗೋಡೆಯಿಂದ ಕೆಲವರು ಕೆಳಗಿಳಿದು ಅಟ್ಟಿಸಿಕೊಂಡು ಹೋದರು. ಇಳಿಜಾರಿನ ಕೆಳಗೆ ಚದುರಿದ ಅವರನ್ನು ಕುದುರೆಗಳು ಸುತ್ತುವರಿದವು. ಆಮೇಲೆ ನಾರ್ಮನ್ನರು ಬೇಕೆಂದೇ ಓಡುವ ನಾಟಕ ಆಡಿ ಗೋಡೆಯನ್ನು ಮತ್ತಷ್ಟು ಬಿಡಿಸಿದರು. ಆಟದಲ್ಲಿ ಎದುರಿನವರು ಹಿಂದೆ ಸರಿದಾಗ ನಿಮ್ಮ ಬೆರಳು ಎಫ್3 ಕಡೆ ಹೋಗುತ್ತದೆ ನೋಡಿ, ಆಗ ಹೇಸ್ಟಿಂಗ್ಸ್ ನೆನಪು ಮಾಡಿಕೊಳ್ಳಿ.

ನನ್ನ ನಿಯಮ ಇದು. ಶತ್ರುವಿನ ಕಾಲಾಳು ಸಾಲು ನನ್ನ ಗೋಡೆಗೆ ತಾಗಿದ ಶಬ್ದ ಕೇಳಬೇಕು. ಆಮೇಲೆ ಐದು ಎಣಿಸುತ್ತೇನೆ. ಆ ಹೊತ್ತಿಗೆ ಅವರ ಮುಂದಿನವರು ಸಿಕ್ಕಿಕೊಂಡಿರುತ್ತಾರೆ, ಅವರ ಬಿಲ್ಲುಗಾರರಿಗೆ ಗುರಿ ಸಿಗುವುದು ಕಷ್ಟವಾಗಿರುತ್ತದೆ. ಆಗ ಸಾಲಿಗೆ ಬದಲಾಯಿಸುತ್ತೇನೆ. ಎದುರಿನವನು ಕೈಗೆ ಸಿಕ್ಕಿರುವಾಗ ನಿಮ್ಮವರಿಗೆ ಸರಿಯಲು ದೂರವೇ ಇಲ್ಲ, ಆದ್ದರಿಂದ ಹೊರಳುವ ಹೊತ್ತೂ ಕಡಿಮೆ. ಅಂದರೆ ಹತ್ತು ಸೆಕೆಂಡನ್ನು ಎರಡು ಮೂರಕ್ಕೆ ಇಳಿಸಿದಿರಿ.

ಬಿಡಿ ಸಾಲು ಗುರಾಣಿ ಇಲ್ಲದವರಿಗೆ. ಜನರ ನಡುವೆ ಅಂತರ ಹೆಚ್ಚಿದರೆ ಬೀಳುವ ಬಾಣಗಳಲ್ಲಿ ಹಲವು ಖಾಲಿ ನೆಲಕ್ಕೆ. ಬಿಲ್ಲುಗಾರರನ್ನು ಸದಾ ಹೀಗೇ ಇಡಿ. ಆದರೆ ಕುದುರೆ ಬರುವುದು ಕಂಡರೆ ಬಿಡಿ ಸಾಲಿನಲ್ಲಿರುವ ಪ್ರತಿಯೊಬ್ಬನೂ ಒಂಟಿ.

ಚೌಕ ಕುದುರೆಗೆ ಉತ್ತರ. ನಾಲ್ಕೂ ಕಡೆ ಮುಖ, ಬೆನ್ನು ಅನ್ನುವುದೇ ಇಲ್ಲ. ವೃತ್ತವೂ ಹೆಚ್ಚು ಕಡಿಮೆ ಅದೇ. ಚಕ್ರವ್ಯೂಹದ ಹೆಸರು ಕೇಳಿ ಬೆಳೆದವರಿಗೆ ವೃತ್ತ ಅಂದರೆ ಏನೋ ಭಾರೀ ಅನಿಸುತ್ತದೆ, ಇಲ್ಲಿ ಅಷ್ಟೇನಿಲ್ಲ. ಚೌಕದ ತೊಂದರೆ ಏನೆಂದರೆ ಬಿಲ್ಲುಗಾರರಿಗೆ ಇದಕ್ಕಿಂತ ಒಳ್ಳೆ ಗುರಿ ಸಿಗುವುದಿಲ್ಲ. ಅಷ್ಟೊಂದು ಜನ ಒತ್ತಾಗಿ, ಅಲ್ಲಾಡದೆ! 1298ರಲ್ಲಿ ಫಾಲ್ಕರ್ಕ್‌ನಲ್ಲಿ ವಿಲಿಯಂ ವಾಲೇಸ್‌ನ ಸ್ಕಾಟ್ಲೆಂಡ್ ಪಡೆ ಉದ್ದ ಈಟಿಗಳ ನಾಲ್ಕು ದೊಡ್ಡ ಗುಂಪು ಕಟ್ಟಿ ನಿಂತಿತು. ಇಂಗ್ಲಿಷ್ ಕುದುರೆಗಳು ಈಟಿಯ ಕಾಡಿಗೆ ನುಗ್ಗಲಾರದೆ ಹೋದವು. ಆದರೆ ಗುಂಪುಗಳ ನಡುವೆ ಇದ್ದ ಸ್ಕಾಟ್ ಬಿಲ್ಲುಗಾರರನ್ನು ಮೊದಲೇ ತುಳಿದುಹಾಕಿದ್ದವು. ಆಮೇಲೆ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ತನ್ನ ಬಿಲ್ಲುಗಾರರನ್ನು ಮುಂದೆ ತಂದ. ನಿಂತಲ್ಲೇ ನಿಂತ ಗುಂಪುಗಳಲ್ಲಿ ಬಾಣಗಳು ತೂತು ಮಾಡಿದವು, ಆ ತೂತುಗಳಲ್ಲಿ ಕುದುರೆಗಳು ನುಗ್ಗಿದವು. ಹದಿನಾರು ವರ್ಷದ ನಂತರ ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸ್ ಅದೇ ಈಟಿ ಗುಂಪುಗಳನ್ನು ಮುಂದಕ್ಕೆ ನಡೆಸಿದ, ಗೆದ್ದ. ಈಟಿ ಅದೇ. ನಡೆಯುವಾಗಲೂ ಸಾಲು ಮುರಿಯದಂತೆ ಪಳಗಿಸಿದ್ದ, ವ್ಯತ್ಯಾಸ ಅಷ್ಟೇ.

ಇದನ್ನು ಆಟಕ್ಕೆ ತಂದರೆ: ಚೌಕ ಕಟ್ಟುವ ಮೊದಲು ಅವರ ಬಿಲ್ಲುಗಾರರು ಎಲ್ಲಿದ್ದಾರೆ ನೋಡಿ. ನಿಮ್ಮ ಬಿಲ್ಲುಗಾರರು ಚೌಕದ ಹಿಂದೆ, ಕುದುರೆಗೆ ಸಿಗದಂತೆ ಇದ್ದಾರಾ ನೋಡಿ. ಎರಡೂ ಸರಿಯಿದ್ದರೆ ಮಾತ್ರ ಚೌಕ.

ಮೊನೆ ವ್ಯೂಹ ಕುದುರೆಯವರಿಗೆ ಚಂದ, ಕಾಲಾಳುಗಳಿಗೆ ನಾನು ಕಟ್ಟುವುದಿಲ್ಲ. ಕಂಬಸಾಲು ಸೇತುವೆ, ಕೋಟೆ ಬಾಗಿಲು ದಾಟಲು. ಉಳಿದವು ಪಟ್ಟಿಯಲ್ಲಿ ಇರಲಿ ಬಿಡಿ.

ಮುಖದ ಆಜ್ಞೆಯನ್ನು ಮರೆತೇಬಿಡುತ್ತಾರೆ ಹಲವರು. ‘ಶತ್ರುವಿನ ಕಡೆ ಮುಖ’ ಅಂತ ಬಿಟ್ಟರೆ ಕುದುರೆ ಬಿಲ್ಲುಗಾರರು ಸುತ್ತಿದ ಹಾಗೆಲ್ಲ ನಿಮ್ಮ ಇಡೀ ಸಾಲು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅಂಚಿನಲ್ಲಿರುವವರು ಓಡಬೇಕು, ಮಧ್ಯದವರು ಒದ್ದಾಡಬೇಕು, ಎಲ್ಲೆಲ್ಲೋ ಸಂದು ಬೀಳುತ್ತವೆ. ನೀವು ಏನೂ ಆಜ್ಞೆ ಕೊಡದೆಯೇ ಸಾಲು ಸದಾ ಹೊರಳುತ್ತಿರುತ್ತದೆ! ಮುಖವನ್ನು ಒಂದು ದಿಕ್ಕಿಗೆ ಕಟ್ಟಿಹಾಕಿ. ಕುದುರೆ ಹಿಂದೆ ಬಂದರೆ ಅದಕ್ಕೆ ಬೇರೆ ತುಕಡಿ ಇಡಿ.

ಒಂದು ಯುದ್ಧ, ಮೊದಲಿಂದ ಕೊನೆವರೆಗೆ

ಕಳೆದ ವಾರದ್ದು. ನನ್ನ ಕಡೆ ಎಂಪೈರ್: 100 ಗುರಾಣಿ ಕಾಲಾಳು, 25 ಮೆನಾವ್ಲಿಯಾಟನ್, 70 ಬಿಲ್ಲುಗಾರರು, 15 ಕುದುರೆ. ಎದುರು ವ್ಲಾಂಡಿಯಾ 260, ಅದರಲ್ಲಿ 80 ಹತ್ತಿರ ಕುದುರೆ, ಒಂದಷ್ಟು ಕ್ರಾಸ್‌ಬೋ.

ಯುದ್ಧಕ್ಕೆ ಮುಂಚೆ ಪಡೆ ಹಂಚುವ ಪರದೆ ಬರುತ್ತದಲ್ಲ, ಅದನ್ನು ದಾಟಿಸಿಬಿಡಬೇಡಿ. ಗುರಾಣಿಯವರು ಒಂದು ತುಕಡಿ, ಗುರಾಣಿ ಇಲ್ಲದ ಉದ್ದ ಆಯುಧದವರು ಬೇರೆ ತುಕಡಿ. ಇಬ್ಬರನ್ನೂ ಬೆರೆಸಿದರೆ ಗೋಡೆ ಕಟ್ಟು ಅಂದಾಗ ಅರ್ಧ ಜನಕ್ಕೆ ಎತ್ತಲು ಗುರಾಣಿಯೇ ಇರುವುದಿಲ್ಲ.

ಮೈದಾನದಲ್ಲಿ ಸಣ್ಣ ಏರು ಇತ್ತು, ಹಿಂದೆ ಮರಗಳ ಗುಂಪು. ಗುರಾಣಿಯವರನ್ನು ಏರಿನ ಮಧ್ಯಕ್ಕೆ ನಿಲ್ಲಿಸಿದೆ, ತುದಿಗಲ್ಲ. ತುದಿ ಬಿಲ್ಲುಗಾರರಿಗೆ. ಅವರು ಮೇಲಿದ್ದರೆ ಮುಂದಿನವರ ತಲೆಯ ಮೇಲಿಂದ ಬಿಡಬಹುದು, ಬಾಣವೂ ದೂರ ಹೋಗುತ್ತದೆ. ಸಮತಟ್ಟಿನಲ್ಲಿ ಕಾಲಾಳುಗಳ ಹಿಂದೆ ನಿಂತ ಬಿಲ್ಲುಗಾರ ಮುಂದಿನವನ ಬೆನ್ನು ನೋಡುತ್ತಾ ಕಾಲ ಕಳೆಯುತ್ತಾನೆ. ಗುರಾಣಿ ಸಾಲಿನ ಅಗಲ ಎಳೆದು ನಾಲ್ಕು ಜನ ದಪ್ಪ ಇಟ್ಟೆ. ಎರಡಾದರೆ ಕುದುರೆ ಒಂದೇ ನುಗ್ಗಿಗೆ ಆಚೆ ದಾಟುತ್ತದೆ. ಆರಾದರೆ ಹಿಂದಿನವರು ಸುಮ್ನೆ ನಿಂತಿರುತ್ತಾರೆ, ಅಗಲ ಸಾಲದೆ ಪಕ್ಕ ಬಯಲಾಗುತ್ತದೆ. ಮೆನಾವ್ಲಿಯಾಟನ್‌ಗಳು ಬಿಲ್ಲುಗಾರರ ಎಡಗಡೆ, ಇಳಿಜಾರಿನ ಮರೆಯಲ್ಲಿ. 15 ಕುದುರೆ ಮರಗಳ ಹಿಂದೆ, ಯುದ್ಧ ಮುಗಿಯುವವರೆಗೆ ಅವರ ಹೆಸರೂ ಎತ್ತುವುದಿಲ್ಲ ಅಂತ ತೀರ್ಮಾನ.

ಮೊದಲು ಅವರ ಕ್ರಾಸ್‌ಬೋದವರು ಬಂದರು. ನಮ್ಮ ಗೋಡೆ ಎದ್ದಿತು. ಬಿಲ್ಲುಗಾರರಿಗೆ ಬಿಡಿ ಸಾಲು, ಬಾಣ ಬಿಡಲು ಒಪ್ಪಿಗೆ. ವ್ಲಾಂಡಿಯಾದ ಶಾರ್ಪ್‌ಶೂಟರ್‌ಗಳ ಹತ್ತಿರ ದೊಡ್ಡ ಪವೀಸ್ ಗುರಾಣಿ ಇರುವುದರಿಂದ ಎದುರಿನಿಂದ ಹೊಡೆದದ್ದು ಬಹಳಷ್ಟು ದಂಡ. 1346ರಲ್ಲಿ ಕ್ರೆಸಿಯಲ್ಲಿ ಫ್ರೆಂಚರ ಕಡೆಯ ಜಿನೋವಾ ಕ್ರಾಸ್‌ಬೋದವರಿಗೆ ಇದೇ ಗುರಾಣಿ ಕೈಗೆ ಸಿಗದೆ ಹಿಂದೆ ಸಾಮಾನು ಬಂಡಿಗಳಲ್ಲಿ ಉಳಿದಿತ್ತು. ಇಂಗ್ಲಿಷ್ ಬಾಣದ ಮಳೆಗೆ ಅವರು ನಿಲ್ಲಲಿಲ್ಲ. ಇವರು ಪಾಪ ತಂದಿದ್ದರು. ಹಾಗಾಗಿ ಬಾಣ ಉಳಿಸಲು ಬಿಲ್ಲು ನಿಲ್ಲಿಸಿದೆ. ಬತ್ತಳಿಕೆ ತಳ ಕಾಣುವುದು ನೀವು ಅಂದುಕೊಂಡದ್ದಕ್ಕಿಂತ ಬೇಗ.

ಆಮೇಲೆ ಕುದುರೆ. ಬಲಗಡೆಯಿಂದ, ಬಿಲ್ಲುಗಾರರನ್ನೇ ಗುರಿಯಿಟ್ಟು. ಇಲ್ಲಿ ಚೌಕ ಕಟ್ಟಬೇಕು ಅಂತ ಪುಸ್ತಕದ ಬುದ್ಧಿ ಹೇಳುತ್ತದೆ. ಕಟ್ಟಲಿಲ್ಲ. ಅವರು ಅರವತ್ತು ಎಪ್ಪತ್ತು ಹೆಜ್ಜೆಯಲ್ಲಿದ್ದರು, ಚೌಕ ಮುಗಿಯುವ ಮೊದಲೇ ಬಂದುಬಿಡುತ್ತಿದ್ದರು. ಹೊರಳುವ ಸಾಲಿಗಿಂತ ತಪ್ಪು ದಿಕ್ಕಿಗೆ ನಿಂತ ಸಾಲೇ ವಾಸಿ. ಗುರಾಣಿಯವರನ್ನು ಮುಟ್ಟದೆ ಬಿಲ್ಲುಗಾರರನ್ನು ಮಾತ್ರ ಅವರ ಬೆನ್ನಿಗೆ ಒತ್ತಿ ತಂದೆ, ಬಿಲ್ಲು ಮತ್ತೆ ಶುರು. ಹತ್ತಿರದಿಂದ ಬಿಟ್ಟ ಬಾಣಕ್ಕೆ ಕುದುರೆಗಳು ಬಿದ್ದವು. ಬಂದು ತಲುಪಿದವರು ಏರು ಹತ್ತುವಷ್ಟರಲ್ಲಿ ವೇಗ ಕಳೆದುಕೊಂಡಿದ್ದರು. ವೇಗ ಹೋದ ಸವಾರ ಎತ್ತರದಲ್ಲಿ ಕೂತ ಕಾಲಾಳು ಅಷ್ಟೇ. ಆಗ ಮರೆಯಲ್ಲಿದ್ದ 25 ಮೆನಾವ್ಲಿಯಾಟನ್‌ಗಳಿಗೆ ಚಾರ್ಜ್ ಕೊಟ್ಟೆ. ಇಡೀ ಯುದ್ಧದಲ್ಲಿ ಅದೇ ಮೊದಲ ಚಾರ್ಜ್. ನಿಂತ ಕುದುರೆಗಳ ನಡುವೆ ಆ ಉದ್ದ ಹಿಡಿಗಳು ಬೀಸಿದ್ದನ್ನು ನೋಡುತ್ತಾ ನನ್ನ ಪಾತ್ರಕ್ಕೆ ಒಂದು ಬಾಣ ತಗುಲಿದ್ದೂ ತಿಳಿಯಲಿಲ್ಲ.

ಕೊನೆಗೆ ಅವರ ಕಾಲಾಳು. ಗೋಡೆಗೆ ತಾಗಿದರು. ಒಂದು, ಎರಡು, ಮೂರು, ನಾಲ್ಕು, ಐದು. ಸಾಲು. ಮೆನಾವ್ಲಿಯಾಟನ್‌ಗಳಲ್ಲಿ ಉಳಿದ 17 ಜನರನ್ನು ಸುತ್ತು ಹಾಕಿಸಿ ಅವರ ಎಡ ಪಕ್ಕಕ್ಕೆ ಬಿಟ್ಟೆ. ಪಕ್ಕದಿಂದ ಪೆಟ್ಟು ಬಿದ್ದಾಗ ಎದುರಿನ ಸಾಲು ಅತ್ತ ಹೊರಳಲು ನೋಡಿತು. ಈ ಸಲ ಹೊರಳಿದ್ದು ಅವರು. ಮರಗಳ ಹಿಂದಿನ 15 ಕುದುರೆ ಓಡುವವರನ್ನು ಹಿಡಿಯಲು.

ನಾನು ಮಾಡಿದ, ನೀವೂ ಮಾಡುವ ಕೆಲವು ತಪ್ಪು

ಎಲ್ಲರಿಗೂ ಒಂದೇ ಆಜ್ಞೆ ಕೊಡುವುದು. ಸೊನ್ನೆ ಒತ್ತಿ ಎಲ್ಲ ತುಕಡಿಯನ್ನೂ ಆರಿಸಿ ವ್ಯೂಹ ಬದಲಿಸಿದರೆ ಇಡೀ ಸೈನ್ಯ ಒಂದೇ ಹೊತ್ತಿಗೆ ಹೊರಳುತ್ತದೆ. ಒಂದು ತುಕಡಿ ಹೊರಳುವಾಗ ಇನ್ನೊಂದು ಗಟ್ಟಿಯಾಗಿ ನಿಂತಿರಬೇಕು.

ಗೆದ್ದ ಪಡೆಯನ್ನೇ ಎಲ್ಲ ಕಡೆ ಒಯ್ಯುವುದು. ಸ್ವಿಸ್ ಹ್ಯಾಲ್ಬರ್ಡ್‌ನವರು 1315ರಲ್ಲಿ ಮೋರ್ಗಾರ್ಟನ್‌ನ ಕಿರಿದಾದ ಬೆಟ್ಟದ ದಾರಿಯಲ್ಲಿ ಆಸ್ಟ್ರಿಯಾದ ಕುದುರೆ ಸವಾರರನ್ನು ಕಡಿದುಹಾಕಿದರು. ಅದೇ ಹ್ಯಾಲ್ಬರ್ಡ್ ನಂಬಿ 1422ರಲ್ಲಿ ಅರ್ಬೆಡೊಗೆ ಹೋದರು. ಅಲ್ಲಿ ಮಿಲಾನ್‌ನ ಕವಚಧಾರಿಗಳು ಕುದುರೆಯಿಂದ ಇಳಿದು ಉದ್ದನೆಯ ಭರ್ಜಿ ಹಿಡಿದು ಬಂದರು. ಹ್ಯಾಲ್ಬರ್ಡ್‌ಗೆ ಅವರ ಮೈ ಸಿಗಲಿಲ್ಲ. ಆ ಪೆಟ್ಟು ತಿಂದ ಮೇಲೆಯೇ ಸ್ವಿಸ್ಸರು ಪೈಕ್‌ಗಳ ಸಂಖ್ಯೆ ಹೆಚ್ಚಿಸಿದ್ದು. ನನ್ನ ಮೆನಾವ್ಲಿಯಾಟನ್ ಜೋಡಣೆಯನ್ನು ಬ್ಯಾಟೇನಿಯಾ ಎದುರು ಒಯ್ದು ನೋಡಿದ್ದೇನೆ. ಅವರ ಫಿಯನ್ ಚಾಂಪಿಯನ್‌ಗಳ ಉದ್ದ ಬಿಲ್ಲಿಗೆ ಆ 25 ಜನ ಮರೆಯಿಂದ ಹೊರಗೆ ಬಂದದ್ದೇ ತಡ, ಮುಗಿದರು. ಬ್ಯಾಟೇನಿಯಾಗೆ ನಾನು ಈಗ ಗುರಾಣಿಯವರನ್ನು ಬಿಟ್ಟು ಬೇರೆ ಕಾಲಾಳು ಒಯ್ಯುವುದಿಲ್ಲ. ಜೊತೆಗೆ ಕುದುರೆ ಹೆಚ್ಚು ಬೇಕು, ಅದು ಇನ್ನೊಂದು ದೊಡ್ಡ ಮಾತು.

ನಾಯಕನೇ ಮುಂದೆ ನುಗ್ಗುವುದು. ನೀವು ಕತ್ತಿ ಬೀಸುತ್ತಿರುವಾಗ ಮೈದಾನ ಕಾಣುವುದಿಲ್ಲ, ಪೆಟ್ಟು ತಿಂದು ಬಿದ್ದರೆ ಹೊತ್ತಿಗೆ ಸರಿಯಾಗಿ ಐದು ಎಣಿಸುವವರು ಯಾರೂ ಇಲ್ಲ. ಬಿಲ್ಲುಗಾರರ ಪಕ್ಕದಲ್ಲಿ, ಏರಿನ ಮೇಲೆ, ಕುದುರೆಯ ಬೆನ್ನಿನಲ್ಲಿ ನಿಲ್ಲಿ.

ಇವತ್ತೇ ಒಂದು ಸಲ ಹೀಗೆ ಆಡಿ ನೋಡಿ. ಕಸ್ಟಮ್ ಬ್ಯಾಟಲ್, 120 ಗುರಾಣಿಯವರು, ಎದುರು 120 ಕಾಲಾಳು ಮತ್ತು ಬಿಲ್ಲುಗಾರರು ಬೆರೆತವರು. ಮೊದಲ ಆಟದಲ್ಲಿ ಅವರು ತಾಗುವ ಮುಂಚೆ ಗೋಡೆ ಬಿಚ್ಚಿ. ಎರಡನೆಯದರಲ್ಲಿ ಬಿಚ್ಚಲೇಬೇಡಿ. ಮೂರನೆಯದರಲ್ಲಿ ತಾಗಿದ ಮೇಲೆ ಐದು ಎಣಿಸಿ ಬಿಚ್ಚಿ. ಮೂರರಲ್ಲೂ ಕೊನೆಗೆ ನಿಂತವರೆಷ್ಟು ಅಂತ ಬರೆದುಕೊಳ್ಳಿ. ನನಗೆ ಮೊದಲ ಸಲ ಬಂದದ್ದು 31, 44, 68. ನಿಮ್ಮ ಎಣಿಕೆ ಐದೇ ಆಗಬೇಕೆಂದಿಲ್ಲ, ಮೂರಾಗಬಹುದು, ಏಳಾಗಬಹುದು. ನಾನು ಸ್ವಲ್ಪ ನಿಧಾನಕ್ಕೆ ಎಣಿಸುವವನು.